ಪೇಪರಿನಲ್ಲಿ ಬಂದಿದೆ, ಕೇಳಿದವರು ಯಾರು?

ಕೇಳುಗರಿಗೆ ನಮಸ್ಕಾರ.

ಯಾರೋ ಸಭೆಯಲ್ಲಿ ಮಾತಾಡುತ್ತಾರೆ. ಮರುದಿನ ಪೇಪರಿನಲ್ಲಿ ಬರುತ್ತದೆ. ಅದನ್ನು ಓದಿದ ಇನ್ನೊಬ್ಬರಿಗೆ ಎದೆ ಉರಿಯುತ್ತದೆ. "ನನ್ನನ್ನು ಕಳ್ಳ ಅಂದಿದ್ದಾನೆ" ಅಂತ ಪೇಪರ್ ಕಟಿಂಗ್ ಹಿಡಿದು ವಕೀಲರ ಹತ್ತಿರ ಹೋಗುತ್ತಾರೆ. ಅಚ್ಚಾಗಿದೆಯಲ್ಲ, ಇನ್ನೇನು ಬೇಕು ಅನ್ನಿಸುವುದು ಸಹಜ. ಆದರೆ ಮಾನಹಾನಿ ಕೇಸಿನಲ್ಲಿ ಪ್ರಶ್ನೆ ಬೇರೆಯೇ ಇರುತ್ತದೆ. ಆ ಮಾತನ್ನು ಕಿವಿಯಾರೆ ಕೇಳಿದವರು ಯಾರು?

ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ 1967ರ ಲೋಕಸಭಾ ಚುನಾವಣೆಯಲ್ಲಿ ದಕ್ಷಿಣ ಮುಂಬೈಯಲ್ಲಿ ಕಾಂಗ್ರೆಸ್ಸಿನ ಎಸ್.ಕೆ. ಪಾಟೀಲರಂಥ ಘಟಾನುಘಟಿಯನ್ನು ಸೋಲಿಸಿದ್ದು ಹಿರಿಯರಿಗೆ ನೆನಪಿರಬಹುದು. ಆ ಗೆಲುವಿನ ಮೇಲೆ ತಕರಾರು ಅರ್ಜಿ ಬಿತ್ತು. ಪಾಟೀಲರ ನಡತೆಯ ಬಗ್ಗೆ ಸುಳ್ಳು ಹಬ್ಬಿಸಿದರು ಎಂಬುದು ಒಂದು ಆರೋಪ. ಅದಕ್ಕೆ ಪತ್ರಿಕೆಯ ವರದಿಗಳನ್ನೂ ಮುಂದಿಟ್ಟರು. 1969ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ವರದಿಗಾರ ಸುದ್ದಿ ತರುತ್ತಾನೆ. ಸಂಪಾದಕರು ತಿದ್ದುತ್ತಾರೆ. ಆಮೇಲೆ ಅಚ್ಚಾಗುತ್ತದೆ. ಈ ದಾರಿಯಲ್ಲಿ ನಿಜ ತಿರುಚಿಹೋಗಬಹುದು. ಹಾಗಾಗಿ ಸುದ್ದಿ ತನಗೆ ತಾನೇ ಸಾಕ್ಷಿಯಾಗದು. ಬೇರೆ ಗಟ್ಟಿ ಸಾಕ್ಷ್ಯ ಇದ್ದರೆ ಅದರ ಜೊತೆಗೆ ನೋಡಬಹುದು, ಅಷ್ಟೆ. ಫರ್ನಾಂಡಿಸರ ಗೆಲುವು ಉಳಿಯಿತು.

ಅದು ಚುನಾವಣೆಯ ಕೇಸು, ನಿಜ. ಸಾಕ್ಷ್ಯದ ಲೆಕ್ಕ ಮಾತ್ರ ಮಾನಹಾನಿಗೂ ಅದೇ. ಇದು ಸರಿ ಅಂತಲೇ ನನಗೆ ಅನ್ನಿಸುತ್ತದೆ. ಮಾನಹಾನಿಗೆ ಎರಡು ವರ್ಷದವರೆಗೆ ಜೈಲು ಇದೆ. ಆಡದ ಮಾತಿಗೆ ಒಬ್ಬರು ಒಳಗೆ ಹೋಗಬಾರದು, ಅಲ್ವಾ? ವರದಿಗಾರರು ಸಾಕ್ಷಿಕಟ್ಟೆಗೆ ಬಂದರೆ ಎದುರು ವಕೀಲರು ಪಾಟೀಸವಾಲು ಮಾಡಬಹುದು. ಕಾಗದದ ತುಂಡಿಗೆ ಸವಾಲು ಹಾಕೋದು ಹೇಗೆ?

ನೀವು ಆ ಪತ್ರಿಕೆಯ ಮೇಲೆಯೇ ಕೇಸು ಹಾಕಿದ್ದರೆ ಮಾತು ಬೇರೆ. ಆಗ ಯಾರೋ ಏನೋ ಅಂದರು ಎಂಬುದಲ್ಲ, ಪತ್ರಿಕೆ ಏನನ್ನು ಅಚ್ಚು ಹಾಕಿತು ಎಂಬುದೇ ದೂರು. ಅದಕ್ಕೆ ಆ ದಿನದ ಪತ್ರಿಕೆಯ ಪ್ರತಿಯೇ ಮುಖ್ಯ ಪುರಾವೆ. ಕತ್ತರಿಸಿದ ತುಣುಕಲ್ಲ, ತಾರೀಖು ಮತ್ತು ಸಂಪಾದಕರ ಹೆಸರು ಇರುವ ಪೂರ್ತಿ ಪತ್ರಿಕೆ ಎತ್ತಿಡಿ.

ಟಿವಿ, ಮೊಬೈಲ್ ವಿಡಿಯೋ ಇದ್ದರೆ? ಕಾಪಿ ಮಾಡಿದ ಪೆನ್‌ಡ್ರೈವ್ ಸುಮ್ನೆ ಕೊಟ್ಟರೆ ನಡೆಯುವುದಿಲ್ಲ. ಅದರ ಜೊತೆ, ಆ ಕಾಪಿ ಯಾವ ಉಪಕರಣದಿಂದ, ಹೇಗೆ ಬಂತು ಎಂದು ತಿಳಿಸುವ, ಕಾನೂನು ಹೇಳುವ ಪ್ರಮಾಣಪತ್ರ ಬೇಕು. ಸುಪ್ರೀಂ ಕೋರ್ಟ್ 2014ರಲ್ಲಿ, ಮತ್ತೆ 2020ರಲ್ಲಿ ಇದನ್ನು ಖಚಿತವಾಗಿ ಹೇಳಿದೆ. 2024ರ ಜುಲೈ 1ರಿಂದ ಬಂದಿರುವ ಹೊಸ ಸಾಕ್ಷ್ಯ ಕಾಯ್ದೆಯಲ್ಲೂ ಈ ನಿಯಮ ಉಳಿದಿದೆ.

ಕೇಸು ವಿಚಾರಣೆಗೆ ಬರುವಷ್ಟರಲ್ಲಿ ವರದಿಗಾರರು ಬೇರೆ ಊರಿಗೋ ಬೇರೆ ಕೆಲಸಕ್ಕೋ ಹೋಗಿರುತ್ತಾರೆ. ಹಾಗಾಗಿ ವರದಿ ಬಂದ ವಾರದಲ್ಲೇ, ಸಭೆಯಲ್ಲಿ ಕೂತು ಕೇಳಿದ ಎರಡು ಮೂರು ಜನರನ್ನು ಹುಡುಕಿ ಮಾತಾಡಿಸಿ. ಅವರ ಹೆಸರು, ವಿಳಾಸ ಬರೆದಿಟ್ಟುಕೊಂಡು ಆಮೇಲೆ ವಕೀಲರ ಹತ್ತಿರ ಹೋಗಿ. ನಮಸ್ಕಾರ.