ಪೆರ್ಗೆಯಿಂದ ಹಿಂದಿರುಗಿದ ಹುಡುಗ

ಸಭಾಪಾಲಕರೇ, ಸಭೆಯ ಹಿರಿಯರೇ, ತಾಯಂದಿರೇ, ಹುಡುಕಿ ಹುಡುಕಿ ಕೊನೆಯ ಸಾಲಿನಲ್ಲೇ ಕುಳಿತಿರುವ ಯುವಜನರೇ, ಕರ್ತನ ನಾಮದಲ್ಲಿ ನಿಮಗೆಲ್ಲ ವಂದನೆಗಳು.

ಕಾರ್ಯದರ್ಶಿಯವರು ಕಳಿಸಿದ ಪತ್ರದಲ್ಲಿ ನನ್ನ ವಿಷಯ ‘ಆತ್ಮಿಕ ಪ್ರೌಢತೆಯ ಏಳು ಮೆಟ್ಟಿಲುಗಳು’ ಎಂದಿತ್ತು. ಏಳು ಎಂದು ಎಣಿಸಿದವರು ಯಾರೋ ತಿಳಿಯದು. ನನಗೆ ಸಿಕ್ಕಿದ್ದು ಮೂರು. ಅವೂ ಒಂದರ ಮೇಲೊಂದು ಹತ್ತಿ ಹೋಗುವಂಥವಲ್ಲ. ಆ ಮೂರನ್ನು ಹೇಳಿ ಕುಳಿತುಕೊಳ್ಳುತ್ತೇನೆ. ಮಧ್ಯಾಹ್ನದ ಊಟವನ್ನು ತಡಮಾಡಿದ ಉಪನ್ಯಾಸಕನನ್ನು ಯಾವ ಸಭೆಯೂ ಎರಡನೆಯ ಸಲ ಕರೆಯುವುದಿಲ್ಲ ಎಂಬ ಅರಿವು ನನಗಿದೆ.

ವಿಶ್ವಾಸದಲ್ಲಿ ಬೆಳೆದವರು ಯಾರು ಎಂದು ಕೇಳಿದರೆ ನಾವು ಯಾರ ಕಡೆಗೆ ಬೆರಳು ತೋರಿಸುತ್ತೇವೆ? ವಯಸ್ಸಾದವರ ಕಡೆಗೆ. ಸತ್ಯವೇದದ ವಚನಗಳನ್ನು ಅಧ್ಯಾಯ ಸಮೇತ ಬಾಯಲ್ಲೇ ಹೇಳುವವರ ಕಡೆಗೆ. ಉದ್ದ ಪ್ರಾರ್ಥನೆ ಮಾಡುವವರ ಕಡೆಗೆ. ಕರಾವಳಿಯ ಸಭೆಗಳಲ್ಲಾದರೆ ಇನ್ನೊಂದು ಯೋಗ್ಯತೆಯೂ ಉಂಟು: ‘ನಮ್ಮ ಮುತ್ತಜ್ಜ ಬಾಸೆಲ್ ಮಿಷನ್ ಕಾಲದ ಕ್ರೈಸ್ತರು.’ ಬಾಸೆಲ್ ಮಿಷನರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ. ಮುತ್ತಜ್ಜನ ದೀಕ್ಷಾಸ್ನಾನದ ನೀರು ಮೊಮ್ಮಗನ ಕಾಲಕ್ಕೂ ಒಣಗಿಲ್ಲ ಎಂದು ನಂಬುವವರನ್ನು ನಾನು ಕಂಡಿದ್ದೇನೆ. ಹಿರಿಯರ ಮೇಲಿನ ಗೌರವ ನನಗೂ ಇದೆ. ಆದರೆ ಅವರು ಬೆಳೆದದ್ದು ಅವರ ಲೆಕ್ಕಕ್ಕೆ ಹೋಯಿತು.

ಕೊರಿಂಥದ ಸಭೆಯನ್ನು ನೋಡಿ. ಅಪೊಸ್ತಲ ಪೌಲನು ಅವರಿಗೆ ಬರೆದ ಮೊದಲ ಪತ್ರದ ಮೊದಲನೆಯ ಅಧ್ಯಾಯವೇ ಹೇಳುತ್ತದೆ, ಅವರಿಗೆ ಯಾವ ಕೃಪಾವರದಲ್ಲಿಯೂ ಕೊರತೆ ಇರಲಿಲ್ಲ. ವಾಕ್ಚಾತುರ್ಯ, ಜ್ಞಾನ, ಅನ್ಯಭಾಷೆ, ಪ್ರವಾದನೆ ಎಲ್ಲವೂ ಇದ್ದವು. ಇಂದು ಅಂಥ ಸಭೆ ನಮ್ಮ ಊರಲ್ಲಿದ್ದರೆ ಹೊರಗೆ ಕಾರು ನಿಲ್ಲಿಸಲು ಜಾಗ ಸಿಗುತ್ತಿರಲಿಲ್ಲ. ಅದೇ ಸಭೆಗೆ ಮೂರನೆಯ ಅಧ್ಯಾಯದಲ್ಲಿ ಪೌಲನು, ನೀವು ಇನ್ನೂ ಕೂಸುಗಳು, ನಿಮಗೆ ಹಾಲು ಕುಡಿಸಿದೆನೇ ಹೊರತು ಅನ್ನ ಕೊಡಲಾಗಲಿಲ್ಲ ಎನ್ನುತ್ತಾನೆ. ಅವರು ಕೂಸುಗಳೆಂದು ಅವನಿಗೆ ಗೊತ್ತಾದದ್ದು ಹೇಗೆ? ವಚನ ಬಾರದ್ದರಿಂದಲ್ಲ, ಪ್ರಾರ್ಥನೆ ತಪ್ಪಿಸಿದ್ದರಿಂದಲೂ ಅಲ್ಲ. ‘ನಾನು ಪೌಲನವನು, ನಾನು ಅಪೊಲ್ಲೋಸನವನು’ ಎಂದು ಪಕ್ಷ ಕಟ್ಟಿದ್ದರಿಂದ.

ಇದೇ ನನ್ನ ಮೊದಲನೆಯ ಮಾತು, ಬಹುಶಃ ಎರಡನೆಯದೂ ಮೂರನೆಯದೂ ಇದೇ. ಒಬ್ಬನ ಆತ್ಮಿಕ ಪ್ರಾಯವನ್ನು ಅವನ ಜಗಳದಲ್ಲಿ ನೋಡಬೇಕು. ಆರಾಧನೆಯಲ್ಲಿ ಎಲ್ಲರೂ ಚೆನ್ನಾಗಿಯೇ ಕಾಣುತ್ತೇವೆ, ಅದಕ್ಕೆಂದೇ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಬರುತ್ತೇವೆ.

ಈಗ ನಾನು ಹೋದಲ್ಲೆಲ್ಲ ಹೇಳುವ ಕಥೆಗೆ ಬರುತ್ತೇನೆ. ಕೇಳಿದವರು ಕ್ಷಮಿಸಿ. ಅಪೊಸ್ತಲರ ಕೃತ್ಯಗಳಲ್ಲಿ ಯೋಹಾನನೆಂಬ ಮಾರ್ಕ ಎಂಬ ಹುಡುಗನೊಬ್ಬ ಬರುತ್ತಾನೆ. ಅನುಕೂಲಸ್ಥರ ಮನೆಯ ಮಗ. ಯೆರೂಸಲೇಮಿನಲ್ಲಿ ಅವನ ತಾಯಿ ಮರಿಯಳ ಮನೆಯೆಂದರೆ ವಿಶ್ವಾಸಿಗಳು ಕೂಡುವ ಜಾಗ. ಪೇತ್ರನು ಸೆರೆಯಿಂದ ಬಿಡುಗಡೆಯಾಗಿ ಆ ರಾತ್ರಿ ನೇರವಾಗಿ ಬಂದದ್ದು ಅಲ್ಲಿಗೇ. ಒಳಗೆ ಎಲ್ಲರೂ ಪೇತ್ರನಿಗಾಗಿಯೇ ಪ್ರಾರ್ಥಿಸುತ್ತಿದ್ದಾರೆ. ಪೇತ್ರನು ಬಾಗಿಲು ತಟ್ಟುತ್ತಾನೆ. ರೋದೆ ಎಂಬ ಕೆಲಸದ ಹುಡುಗಿ ಅವನ ದನಿಯನ್ನು ಗುರುತಿಸಿ, ಸಂತೋಷದಲ್ಲಿ ಬಾಗಿಲು ತೆರೆಯುವುದನ್ನೇ ಮರೆತು ಒಳಗೆ ಓಡುತ್ತಾಳೆ. ಪ್ರಾರ್ಥಿಸುತ್ತಿದ್ದವರು ಏನೆಂದರು? ‘ನಿನಗೆ ಹುಚ್ಚು ಹಿಡಿದಿದೆ’ ಎಂದರು! ಪ್ರಾರ್ಥನೆಗೆ ಉತ್ತರ ಬಾಗಿಲಲ್ಲಿ ನಿಂತು ತಟ್ಟುತ್ತಲೇ ಇದೆ, ಒಳಗೆ ಪ್ರಾರ್ಥನಾ ಕೂಟ ನಡೆಯುತ್ತಲೇ ಇದೆ. ಕೂಟದಲ್ಲಿದ್ದ ಹಿರಿಯರೊಬ್ಬರೂ ನಂಬದ್ದನ್ನು ನಂಬಿದವಳು ಕೆಲಸದ ಹುಡುಗಿ. ನಗುತ್ತೀರಿ, ಆದರೆ ಕೃತ್ಯಗಳ ಪುಸ್ತಕವನ್ನು ಬರೆದ ಲೂಕನು ಅವಳ ಹೆಸರನ್ನು ಬರೆದಿಟ್ಟ, ನಂಬದವರ ಹೆಸರನ್ನು ಬರೆಯಲಿಲ್ಲ.

ಅಂಥ ಮನೆಯಲ್ಲಿ ಬೆಳೆದವನು ಮಾರ್ಕ. ಬಾರ್ನಬನಿಗೆ ಸೋದರ ಸಂಬಂಧಿ. ಬಾರ್ನಬನೂ ಸೌಲನೂ (ಪೌಲನ ಇನ್ನೊಂದು ಹೆಸರು ಸೌಲ) ಸುವಾರ್ತಾ ಪ್ರಯಾಣಕ್ಕೆ ಹೊರಟಾಗ ಇವನನ್ನು ಸಹಾಯಕನಾಗಿ ಕರೆದುಕೊಂಡರು. ಮೊದಲು ಕುಪ್ರ ದ್ವೀಪ, ಇಂದಿನ ಸೈಪ್ರಸ್, ಅದು ಬಾರ್ನಬನ ಹುಟ್ಟೂರು. ಸಲಮೀಸಿನಿಂದ ಪಾಫೋಸಿನವರೆಗೆ ಎಲ್ಲ ಸುಸೂತ್ರ. ರೋಮಿನ ಅಧಿಪತಿ ಸೆರ್ಗ್ಯಪೌಲನೇ ನಂಬಿದ. ಅಲ್ಲಿಂದ ಹಡಗು ಹತ್ತಿ ಇಂದಿನ ಟರ್ಕಿ ದೇಶದ ದಕ್ಷಿಣ ಕರಾವಳಿಯ ಪೆರ್ಗೆಗೆ ಬಂದರು. ಮುಂದಿನ ದಾರಿ ಟಾರಸ್ ಬೆಟ್ಟಸಾಲನ್ನು ದಾಟಿ ಪಿಸಿದ್ಯದ ಅಂತಿಯೋಕ್ಯಕ್ಕೆ, ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಎತ್ತರದ ಊರಿಗೆ. ಮಂಗಳೂರಿನಿಂದ ಶಿರಾಡಿ ಘಾಟಿಯನ್ನು ನಡೆದೇ ಹತ್ತಬೇಕು, ಡಾಮರು ರಸ್ತೆ ಇಲ್ಲ, ನಡುವೆ ಕಳ್ಳರಿದ್ದಾರೆ ಎಂದರೆ ನಮ್ಮಲ್ಲಿ ಎಷ್ಟು ಮಂದಿ ಹೊರಟಾರು? ಮಾರ್ಕನು ಪೆರ್ಗೆಯಲ್ಲೇ ಅವರನ್ನು ಬಿಟ್ಟು ಯೆರೂಸಲೇಮಿಗೆ ಹಿಂದಿರುಗಿದ.

ಯಾಕೆ ಹಿಂದಿರುಗಿದ? ಲೂಕನು ಹೇಳುವುದಿಲ್ಲ. ವ್ಯಾಖ್ಯಾನಕಾರರಿಗೆ ಅದೇ ದೊಡ್ಡ ಅವಕಾಶ. ಬೆಟ್ಟಕ್ಕೆ ಹೆದರಿದ ಎನ್ನುವವರಿದ್ದಾರೆ, ಜ್ವರ ಬಂತು ಎನ್ನುವವರಿದ್ದಾರೆ, ತಾಯಿಯ ಅಡುಗೆ ನೆನಪಾಯಿತು ಎನ್ನುವವರೂ ಇದ್ದಾರೆ. ನನಗೆ ತೋರುವುದು ಬೇರೆ. ಹೊರಡುವಾಗ ‘ಬಾರ್ನಬನೂ ಸೌಲನೂ’ ಎಂದಿದ್ದ ಹೆಸರಿನ ಸಾಲು ಪಾಫೋಸಿನ ನಂತರ ‘ಪೌಲನೂ ಅವನ ಜೊತೆಯಲ್ಲಿದ್ದವರೂ’ ಎಂದು ತಿರುಗಿಕೊಳ್ಳುತ್ತದೆ. ಅಣ್ಣನ ಹೆಸರು ಹಿಂದಕ್ಕೆ ಹೋದದ್ದು ತಮ್ಮನಿಗೆ ಸಹಿಸದೆ ಇದ್ದಿರಬಹುದು. ಇದು ನನ್ನ ಊಹೆ, ಇದರ ಮೇಲೆ ಯಾರೂ ಪ್ರಸಂಗ ಕಟ್ಟಬೇಡಿ. ಬಾರ್ನಬನಿಗಂತೂ ಬೇಸರವಾದ ಗುರುತಿಲ್ಲ. ತಾನೇ ತಾರ್ಸಕ್ಕೆ ಹೋಗಿ ಹುಡುಕಿ ಕರೆತಂದವನು ತನಗಿಂತ ಮುಂದಾದಾಗ ಸುಮ್ಮನೆ ಜೊತೆಗೆ ನಡೆದ. ಈ ಹಾಲಿನಲ್ಲಿ ಸಂಘ ಸಂಸ್ಥೆಗಳನ್ನು ಕಟ್ಟಿದವರಿದ್ದೀರಿ. ನೀವು ಕರೆತಂದ ಹುಡುಗನನ್ನು ಮರುವರ್ಷ ವೇದಿಕೆಯ ಮಧ್ಯದ ಕುರ್ಚಿಯಲ್ಲಿ ಕೂರಿಸಿ, ನಿಮ್ಮನ್ನು ಅಂಚಿನ ಕುರ್ಚಿಗೆ ಕಳಿಸಿದರೆ ಏನಾಗುತ್ತದೆ ಎಂಬುದು ನಿಮಗೇ ಚೆನ್ನಾಗಿ ಗೊತ್ತು.

ಕೆಲವು ವರ್ಷ ಕಳೆಯಿತು. ಎರಡನೆಯ ಪ್ರಯಾಣದ ಮಾತು ಬಂತು. ಬಾರ್ನಬನು ಮಾರ್ಕನನ್ನು ಮತ್ತೆ ಕರೆದುಕೊಂಡು ಹೋಗೋಣ ಎಂದ. ಪೌಲನು ಬೇಡವೇ ಬೇಡ ಎಂದ. ತೀಕ್ಷ್ಣವಾದ ವಾಗ್ವಾದವಾಗಿ ಇಬ್ಬರೂ ಅಗಲಿದರು. ಯೆರೂಸಲೇಮಿನ ಸಭೆಯಲ್ಲಿ ಅನ್ಯಜನರ, ಅಂದರೆ ಯೆಹೂದ್ಯರಲ್ಲದವರ, ವಿಷಯದ ದೊಡ್ಡ ವಿವಾದವನ್ನು ಒಟ್ಟಿಗೆ ನಿಂತು ಬಗೆಹರಿಸಿಕೊಂಡು ಬಂದ ಇಬ್ಬರು ಒಬ್ಬ ಹುಡುಗನ ವಿಷಯದಲ್ಲಿ ಬೇರೆಯಾದರು! ಸಿದ್ಧಾಂತದ ಜಗಳಕ್ಕೆ ಪರಿಷತ್ತು ಸಾಕು. ಮನುಷ್ಯರ ವಿಷಯದ ಜಗಳಕ್ಕೆ ಪರಿಷತ್ತಿನಲ್ಲಿ ಔಷಧವಿಲ್ಲ.

ನಾನು ಬಾರ್ನಬನ ಕಡೆಯವನು, ಮುಚ್ಚಿಡುವುದಿಲ್ಲ. ಆದರೆ ಪೌಲನ ಮಾತನ್ನು ಹಗುರವಾಗಿ ತಳ್ಳಿಹಾಕುವುದು ಅನ್ಯಾಯ. ಲುಸ್ತ್ರದಲ್ಲಿ ಅವನನ್ನು ಕಲ್ಲೆಸೆದು, ಸತ್ತನೆಂದು ಊರ ಹೊರಗೆ ಎಳೆದು ಹಾಕಿದ್ದರು. ಮುಂದೆ ಫಿಲಿಪ್ಪಿಯಲ್ಲಿ ಬೆತ್ತದ ಹೊಡೆತ, ಸೆರೆಮನೆ ಕಾದಿದ್ದವು. ಅಂಥ ದಾರಿಗೆ, ಅರ್ಧದಲ್ಲಿ ಬಿಟ್ಟು ಹೋಗುವವನನ್ನು ಕರೆದೊಯ್ದರೆ ಜೊತೆಗಿರುವವರ ಪ್ರಾಣಕ್ಕೆ ಹೊಣೆ ಯಾರು? ಇತ್ತ ಬಾರ್ನಬನ ಮೇಲೂ ಆಕ್ಷೇಪಣೆ ಹೊರಿಸಬಹುದು: ಸ್ವಂತ ಸಂಬಂಧಿಕನ ಪರ ವಾದಿಸಿದ! ನಿಮ್ಮ ಸಭಾ ಸಮಿತಿಯ ಚುನಾವಣೆ ಹತ್ತಿರವಿದೆಯಂತೆ. ಈ ಮಾತು ಯಾರ ಕಿವಿಗೋ ತಾಗಿರಬೇಕು, ನಾಲ್ಕನೆಯ ಸಾಲಿನಲ್ಲಿ ಕೆಮ್ಮು ಕೇಳಿಸಿತು.

ಇಬ್ಬರಲ್ಲೂ ನ್ಯಾಯವಿತ್ತು. ಆದ್ದರಿಂದಲೇ ಜಗಳ ಅಷ್ಟು ಕಠಿಣವಾಯಿತು. ಒಬ್ಬನು ಕೆಟ್ಟವನಾಗಿದ್ದರೆ ಎಷ್ಟು ಸುಲಭವಾಗುತ್ತಿತ್ತು! ನಮ್ಮ ಸಭೆಗಳ ಜಗಳಗಳಲ್ಲಿ ನಾವು ಮೊದಲು ಮಾಡುವ ಕೆಲಸವೂ ಅದೇ, ಎದುರಿನವನನ್ನು ಕೆಟ್ಟವನನ್ನಾಗಿ ಮಾಡುವುದು. ಆಮೇಲೆ ಪ್ರಾರ್ಥನೆಗೂ ಸುಲಭ: ‘ಕರ್ತನೇ, ಅವರ ಕಣ್ಣು ತೆರೆಯಿಸು.’

ಬಾರ್ನಬನು ಮಾರ್ಕನನ್ನು ಕರೆದುಕೊಂಡು ಕುಪ್ರಕ್ಕೆ ಹೋದ. ಪೌಲನು ಸೀಲನೊಂದಿಗೆ ಸಿರಿಯ, ಕಿಲಿಕ್ಯಗಳ ಕಡೆಗೆ ಹೋದ. ಇಲ್ಲಿಗೆ ಕೃತ್ಯಗಳ ಪುಸ್ತಕದಲ್ಲಿ ಮಾರ್ಕನ ಕಥೆ ಮುಗಿಯುತ್ತದೆ. ಕುಪ್ರದಲ್ಲಿ ಏನು ನಡೆಯಿತು, ಬಾರ್ನಬನು ಆ ಹುಡುಗನಿಗೆ ಏನು ಹೇಳಿಕೊಟ್ಟ, ಒಂದು ಸಾಲೂ ಇಲ್ಲ. ಬೆಳೆಸುವ ಕೆಲಸಕ್ಕೆ ವರದಿಗಾರರಿರುವುದಿಲ್ಲ. ನಮ್ಮ ಸಭಾ ಪತ್ರಿಕೆಗಳಲ್ಲಿಯೂ ಅದು ಅಚ್ಚಾಗುವುದಿಲ್ಲ, ಸುಗ್ಗಿ ಹಬ್ಬದ ಹರಾಜಿನಲ್ಲಿ ಕುಂಬಳಕಾಯಿಯನ್ನು ಹೆಚ್ಚು ಬೆಲೆಗೆ ಕೂಗಿದವರ ಫೋಟೊ ಅಚ್ಚಾಗುತ್ತದೆ.

ಆಮೇಲೆ ಎಷ್ಟೋ ವರ್ಷಗಳ ನಂತರ, ಕೊಲೊಸ್ಸೆಯವರಿಗೆ ಬರೆದ ಪತ್ರದ ಕೊನೆಯಲ್ಲಿ ಸೆರೆಯಲ್ಲಿರುವ ಪೌಲನ ಹತ್ತಿರ ಮಾರ್ಕನಿದ್ದಾನೆ! ‘ಅವನು ನಿಮ್ಮಲ್ಲಿಗೆ ಬಂದರೆ ಸೇರಿಸಿಕೊಳ್ಳಿರಿ’ ಎಂದು ಪೌಲನೇ ಶಿಫಾರಸು ಮಾಡುತ್ತಾನೆ. ಬೇಡವೇ ಬೇಡ ಎಂದ ಬಾಯಿಂದಲೇ ಆ ಮಾತು. ತಿಮೊಥೆಯನಿಗೆ ಬರೆದ ಎರಡನೆಯ ಪತ್ರದಲ್ಲಂತೂ, ಮರಣ ಹತ್ತಿರವಾದ ಹೊತ್ತಿನಲ್ಲಿ, ಮಾರ್ಕನನ್ನು ಕರೆದುಕೊಂಡು ಬಾ, ಅವನು ನನಗೆ ಸೇವೆಗೆ ಉಪಯೋಗವಾದವನು ಎನ್ನುತ್ತಾನೆ. ತ್ರೋವದಲ್ಲಿ ಕರ್ಪನ ಮನೆಯಲ್ಲಿ ಬಿಟ್ಟುಬಂದ ಮೇಲಂಗಿ, ಪುಸ್ತಕಗಳು ಮತ್ತು ಮಾರ್ಕ, ಇವಿಷ್ಟು ಬೇಕು ಅವನಿಗೆ.

ಹಾಗಾದರೆ ಈ ಕಥೆಯಲ್ಲಿ ಬೆಳೆದವರು ಯಾರು? ಮಾರ್ಕ ಬೆಳೆದ, ಸರಿ. ಪ್ರಸಂಗಗಳು ಅಲ್ಲಿಗೇ ನಿಲ್ಲುತ್ತವೆ. ನಾನು ಹೇಳುವುದು, ಪೌಲನೂ ಬೆಳೆದ. ದಮಸ್ಕದ ದಾರಿಯ ದರ್ಶನ, ಸಭೆಗಳ ಸ್ಥಾಪನೆ, ಅಷ್ಟೊಂದು ಪತ್ರಗಳು, ಇವೆಲ್ಲ ಆದ ಮೇಲೂ ಅವನಿಗೆ ಬೆಳೆಯುವುದು ಉಳಿದಿತ್ತು. ಬಾರ್ನಬನೂ ಪರಿಪೂರ್ಣನಲ್ಲ. ಸಿರಿಯದ ಅಂತಿಯೋಕ್ಯದಲ್ಲಿ ಯೆರೂಸಲೇಮಿನಿಂದ ಬಂದವರಿಗೆ ಅಂಜಿ ಪೇತ್ರನು ಅನ್ಯಜನರ ಪಂಕ್ತಿಯಿಂದ ಎದ್ದುಹೋದಾಗ ಬಾರ್ನಬನೂ ಎದ್ದ. ಗಲಾತ್ಯದವರಿಗೆ ಬರೆಯುವಾಗ ಪೌಲನು ಅದನ್ನು ನೋವಿನಿಂದ ಹೇಳುತ್ತಾನೆ. ಪಂಕ್ತಿಭೇದ ಎಂದರೇನೆಂದು ಈ ನಾಡಿನ ಕ್ರೈಸ್ತರಿಗೆ ನಾನು ವಿವರಿಸಬೇಕಾಗಿಲ್ಲ. ಕರ್ತನ ಭೋಜನದ ಬಟ್ಟಲಿನ ಮುಂದೆ ಜಾತಿಯ ಲೆಕ್ಕ ಹಾಕಿದ ಸಭೆಗಳು ನಮ್ಮಲ್ಲಿಯೂ ಇದ್ದವು. ಮದುವೆಯ ಸಂಬಂಧ ಹುಡುಕುವಾಗ ಇಂದಿಗೂ ಆ ಲೆಕ್ಕ ತೆಗೆಯುತ್ತೇವೆ. ನೂರೆಂಬತ್ತು ವರ್ಷದ ಕ್ರೈಸ್ತ ಮನೆತನಗಳು ಆ ವಿಷಯದಲ್ಲಿ ಇನ್ನೂ ತೊಟ್ಟಿಲಲ್ಲಿವೆ.

ಎರಡನೆಯ ಮಾತು: ಈ ಬೆಳವಣಿಗೆಗೆ ಕಾಲ ಬೇಕು. ನಾವು ದಕ್ಷಿಣ ಭಾರತ ಸಭೆಯವರು. 1919ರಲ್ಲಿ ತರಂಗಂಬಾಡಿಯಲ್ಲಿ ಬೇರೆ ಬೇರೆ ಪಂಗಡಗಳ ಸಭಾಪಾಲಕರು ಕೂಡಿ, ನಮ್ಮ ವಿಂಗಡಣೆಗಳೆಲ್ಲ ಹೊರದೇಶದಿಂದ ಬಂದವು, ಇವನ್ನು ನಾವೇಕೆ ಹೊರಬೇಕು ಎಂದು ಕೇಳಿಕೊಂಡರು. ಅವರಲ್ಲಿ ದೋರ್ನಕಲ್ಲಿನ ಬಿಷಪ್ ಅಜರಯ್ಯನವರೂ ಇದ್ದರು. ಐಕ್ಯವಾದದ್ದು 1947ರ ಸೆಪ್ಟೆಂಬರ್ 27ರಂದು, ಮದ್ರಾಸಿನಲ್ಲಿ. 28 ವರ್ಷ! ಬಿಷಪರ ಕೈಯಿಂದ ಅಭಿಷೇಕವಾಗದ ಸಭಾಪಾಲಕನು ಎಲ್ಲರಿಗೂ ಸಂಸ್ಕಾರ ಕೊಡಬಹುದೇ ಎಂಬಂಥ ಪ್ರಶ್ನೆಗಳನ್ನು ಹಿಡಿದು ವರ್ಷಗಟ್ಟಲೆ ಕೂತರು, ಎದ್ದು ಹೋಗಲಿಲ್ಲ. ಅಜರಯ್ಯನವರು 1945ರ ಜನವರಿ 1ರಂದು ತೀರಿಕೊಂಡರು, ಆ ದಿನವನ್ನು ನೋಡಲಿಲ್ಲ. ತಾನು ನೋಡಲಾರದ ದಿನಕ್ಕಾಗಿ ಮೇಜಿನ ಮುಂದೆ ಕೂರುವವನನ್ನು ನಾನು ಪ್ರಾಯಸ್ಥನೆಂದು ಕರೆಯುತ್ತೇನೆ. ಅವರು 28 ವರ್ಷದಲ್ಲಿ ಕಟ್ಟಿದ್ದರ ಆಸ್ತಿಗಾಗಿ ನಾವು ಈಗ ನ್ಯಾಯಾಲಯಗಳ ಮೆಟ್ಟಿಲು ಹತ್ತುತ್ತಿದ್ದೇವೆ. ಕಾರ್ಯದರ್ಶಿಯವರು ಕೇಳಿದ ಏಳು ಮೆಟ್ಟಿಲು ಬಹುಶಃ ಅವೇ ಇರಬೇಕು.

ಚೀಟಿ ಬಂತು. ಹತ್ತು ನಿಮಿಷವಂತೆ. ಮೇಲುಕೋಟೆಯ ಪುಳಿಯೋಗರೆಯೂ ಅಲ್ಲ, ಬರುತ್ತಿರುವುದು ಬಿರಿಯಾನಿಯ ವಾಸನೆ. ನಿಮ್ಮ ಗಮನ ಎಲ್ಲಿದೆ ಎಂದು ತಿಳಿಯುತ್ತಿದೆ.

ಗಲಾತ್ಯ ಐದನೆಯ ಅಧ್ಯಾಯವನ್ನು ಮನೆಯಲ್ಲಿ ಓದಿ. ಶರೀರಭಾವದ ಕೃತ್ಯಗಳ ಪಟ್ಟಿಯಿದೆ. ಅದರಲ್ಲಿ ಸರಿಸುಮಾರು ಅರ್ಧ ಜಗಳಕ್ಕೆ ಸೇರಿದವು: ಹಗೆ, ಕಲಹ, ಹೊಟ್ಟೆಕಿಚ್ಚು, ಸಿಟ್ಟು, ಪಕ್ಷಭೇದ, ಮತ್ಸರ. ಅದೇ ಪಟ್ಟಿಯಲ್ಲಿ ಕುಡಿತವೂ ಇದೆ. ಕುಡಿದು ಬಂದವನನ್ನು ನಾವು ಹಿರಿಯನ ಸ್ಥಾನದಿಂದ ಇಳಿಸುತ್ತೇವೆ, ಇಳಿಸಬೇಕಾದದ್ದೇ. ಹೊಟ್ಟೆಕಿಚ್ಚಿನ ಕಾರಣಕ್ಕೆ ಸ್ಥಾನ ಕಳೆದುಕೊಂಡ ಹಿರಿಯನೊಬ್ಬನನ್ನು ತೋರಿಸಿ ನೋಡೋಣ. ಮಲೆನಾಡಿನ ಒಂದು ಸಭೆ ನನಗೆ ಗೊತ್ತು. ಅಡಿಕೆ ತೋಟದ ಬೇಲಿಯ ವಿಷಯದಲ್ಲಿ ಅಣ್ಣತಮ್ಮಂದಿರು ಮಾತು ಬಿಟ್ಟರು. ಅಣ್ಣ ಮೊದಲನೆಯ ಆರಾಧನೆಗೆ, ತಮ್ಮ ಎರಡನೆಯ ಆರಾಧನೆಗೆ. ಇಬ್ಬರೂ ಕಾಣಿಕೆಯಲ್ಲಿ ಧಾರಾಳಿಗಳು. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಹೋಗಿ ಸಹೋದರನೊಂದಿಗೆ ಒಂದಾಗು ಎಂಬ ಯೇಸುಸ್ವಾಮಿಯ ಮಾತನ್ನು ಆ ಸಭೆಯಲ್ಲಿ ಯಾರೂ ಪ್ರಸಂಗಕ್ಕೆ ಆರಿಸಿಕೊಳ್ಳುತ್ತಿರಲಿಲ್ಲ. ಕಾಣಿಕೆ ಎರಡು ಕಡೆಯಿಂದಲೂ ನಿಂತರೆ ಚಾವಣಿಯ ಕೆಲಸ ಯಾರು ಮಾಡಿಸಬೇಕು?

ಮೂರನೆಯ ಮಾತಿಗೆ ಎರಡೇ ವಾಕ್ಯ. ಫಿಲಿಪ್ಪಿಯವರಿಗೆ ಬರೆಯುವಾಗ ಪೌಲನು ನಾನು ಇನ್ನೂ ಗುರಿ ಮುಟ್ಟಿಲ್ಲ, ಓಡುತ್ತಿದ್ದೇನೆ ಎನ್ನುತ್ತಾನೆ, ಕೂಡಲೇ ನಮ್ಮಲ್ಲಿ ಪ್ರವೀಣರಾದವರೆಲ್ಲರೂ ಹೀಗೇ ಯೋಚಿಸಲಿ ಎಂದೂ ಹೇಳುತ್ತಾನೆ. ತಾನು ಮುಟ್ಟಿದೆ ಎನ್ನುವವನಿಗೆ ಆ ಗುಂಪಿನಲ್ಲಿ ಜಾಗವಿಲ್ಲ. ಇದನ್ನು ಬಿಡಿಸಿ ಹೇಳಲು ತಂದ ಟಿಪ್ಪಣಿಯನ್ನು ಸಭಾಪಾಲಕರಿಗೆ ಕೊಟ್ಟು ಹೋಗುತ್ತೇನೆ.

ಊಟದ ಮೇಲೆ ಗುಂಪು ಚರ್ಚೆಯಿದೆ. ಎರಡು ಕೆಲಸ ಕೊಡುತ್ತೇನೆ. ಫಿಲೆಮೋನನ ಪತ್ರದ 24ನೆಯ ವಚನದಲ್ಲಿ ಪೌಲನ ಜೊತೆಗೆಲಸದವರ ಹೆಸರುಗಳಿವೆ: ಮಾರ್ಕ, ಅರಿಸ್ತಾರ್ಕ, ದೇಮ, ಲೂಕ. ಆಮೇಲೆ ಎರಡನೆಯ ತಿಮೊಥೆಯ ನಾಲ್ಕರಲ್ಲಿ 10, 11ನೆಯ ವಚನಗಳನ್ನು ತೆಗೆಯಿರಿ. ಓಡಿಹೋಗಿದ್ದ ಮಾರ್ಕನನ್ನು ಕರೆದುಕೊಂಡು ಬಾ ಎನ್ನುವ ಪೌಲನು ಅದಕ್ಕೆ ಸ್ವಲ್ಪ ಮೊದಲೇ, ದೇಮನು ಈ ಲೋಕವನ್ನು ಪ್ರೀತಿಸಿ ನನ್ನನ್ನು ಬಿಟ್ಟುಹೋದ ಎನ್ನುತ್ತಾನೆ. ಒಂದೇ ವಚನದಲ್ಲಿ ಜೊತೆಗಿದ್ದವರು ಹೀಗೆ ಅದಲುಬದಲಾದದ್ದು ಹೇಗೆ, ದೇಮನಿಗೆ ಒಬ್ಬ ಬಾರ್ನಬ ಇದ್ದನೇ ಇಲ್ಲವೇ, ಮಾತನಾಡಿಕೊಳ್ಳಿ. ಎರಡನೆಯದು, ಈ ಸಭೆಯನ್ನು ಬಿಟ್ಟುಹೋದವರಲ್ಲಿ ಯಾರ ಮನೆಗೆ ಹೋಗಿ ಕರೆಯಬೇಕು, ಹೋಗುವವರು ಯಾರು, ಎರಡೂ ಹೆಸರನ್ನು ಒಂದು ಕಾಗದದಲ್ಲಿ ಬರೆಯಿರಿ. ಕಾಗದವನ್ನು ನನಗೆ ಕೊಡಬೇಕಾಗಿಲ್ಲ, ಬರೆದವರೇ ಇಟ್ಟುಕೊಳ್ಳಲಿ. ಊಟಕ್ಕೆ ಮುಂಚೆ ಸಭಾಪಾಲಕರು ಪ್ರಾರ್ಥಿಸುತ್ತಾರೆ.