ಮೇಷ್ಟ್ರ ನೆನಪನ್ನು ಕೂಡಿಡುವ ಕೆಲಸ

ಅಧ್ಯಕ್ಷರೇ, ಗೆಳೆಯರೇ,

ಮೇಷ್ಟ್ರು ತೀರಿಕೊಂಡರು ಅಂತ ಗೊತ್ತಾದ ಮೇಲೆ ಶಿಷ್ಯರೆಲ್ಲ ಸೇರಿ ಸಂಸ್ಮರಣ ಸಂಪುಟ ತರೋಣ ಅನ್ನುತ್ತಾರೆ. ಲೇಖನಗಳು ಬರುತ್ತವೆ. ಒಂದೊಂದರಲ್ಲೂ ಅವರು ಸರಳ ಸಜ್ಜನರು, ನಿಸ್ವಾರ್ಥಿಗಳು, ಶಿಸ್ತಿನ ಸಿಪಾಯಿ, ಆದರ್ಶ ಗೃಹಸ್ಥರು. ಎಲ್ಲವೂ ನಿಜವೇ ಇರಬಹುದು. ಆದರೆ ಹೆಸರು ಬದಲಿಸಿದರೆ ಆ ಪುಸ್ತಕ ಇನ್ನೊಬ್ಬ ಮೇಷ್ಟ್ರಿಗೂ ಸರಿಹೊಂದುತ್ತದೆ. ನನ್ನ ತಕರಾರು ಇದೇ. ವಿಶೇಷಣ ಇಳಿಸಿ, ವಿವರ ಕೂಡಿಸಿ. ಇದನ್ನು ಇವತ್ತು ನಾಲ್ಕಾರು ಸಲ ಹೇಳುತ್ತೇನೆ, ಸಹಿಸಿಕೊಳ್ಳಿ.

ಗಣಿತಜ್ಞ ಗಾಸ್ ಅವರ ಕಥೆ ನಿಮಗೆಲ್ಲ ಗೊತ್ತು. ಮಕ್ಕಳನ್ನು ಸುಮ್ಮನಿರಿಸಲು ಮೇಷ್ಟ್ರು ಒಂದರಿಂದ ನೂರರವರೆಗೆ ಕೂಡಿ ಅಂದರಂತೆ, ಹುಡುಗ ಕ್ಷಣದಲ್ಲಿ 5050 ಅಂದನಂತೆ. ಗಾಸ್ ತೀರಿಕೊಂಡದ್ದು 1855ರಲ್ಲಿ. ಮರುವರ್ಷವೇ ಅವರ ಗೆಳೆಯ ಸಾರ್ಟೋರಿಯಸ್ ಒಂದು ಸ್ಮರಣ ಗ್ರಂಥ ಬರೆದರು. ಮುದಿವಯಸ್ಸಿನ ಗಾಸ್ ಸಂತೋಷದಿಂದ ಹೇಳಿಕೊಳ್ಳುತ್ತಿದ್ದ ಪ್ರಸಂಗ ಅದರಲ್ಲಿದೆ. ಆದರೆ ಅಲ್ಲಿ ಒಂದರಿಂದ ನೂರು ಇಲ್ಲ, 5050 ಕೂಡ ಇಲ್ಲ. ಒಂದು ಶ್ರೇಢಿಯನ್ನು ಕೂಡಲು ಕೊಟ್ಟರು ಅಂತಷ್ಟೇ ಇದೆ. ಅಂಕಿಗಳನ್ನು ಆಮೇಲೆ ಹೇಳಿದವರು ಸೇರಿಸಿದರು. ಹಾಗಾದರೆ ಅಲ್ಲಿ ಏನಿದೆ? ಲೆಕ್ಕ ಮುಗಿಸಿದವನು ಸ್ಲೇಟನ್ನು ಮೇಜಿನ ಮೇಲೆ ಇಡಬೇಕು, ಮುಂದಿನವನು ಅದರ ಮೇಲೆ ತನ್ನದನ್ನು ಇಡಬೇಕು ಅನ್ನುವ ತರಗತಿಯ ಪದ್ಧತಿ ಇದೆ. ಮೇಷ್ಟ್ರ ಹೆಸರು ಬ್ಯೂಟ್ನರ್ ಅಂತ ಇದೆ. ಅವರ ಕೈಯಲ್ಲಿ ಚಾವಟಿ ಇದೆ. ಲೋಕ ಆ ಚಾವಟಿಯನ್ನು ಬಿಗಿಯಾಗಿ ಹಿಡಿದುಕೊಂಡಿತು. ಅದೇ ಬ್ಯೂಟ್ನರ್ ಈ ಹುಡುಗನಿಗೆಂದು ಹ್ಯಾಂಬರ್ಗ್‌ನಿಂದ ಹೆಚ್ಚಿನ ಮಟ್ಟದ ಲೆಕ್ಕದ ಪುಸ್ತಕ ತರಿಸಿದರು. ಅದು ಎಷ್ಟು ಜನಕ್ಕೆ ನೆನಪಿದೆ? ಅವರ ಸಹಾಯಕ ಬಾರ್ಟೆಲ್ಸ್, ಹುಡುಗನಿಗಿಂತ ಎಂಟೇ ವರ್ಷ ದೊಡ್ಡವರು, ಜೊತೆಗೆ ಕೂತು ಓದಿದರು. ಮುಂದೆ ರಷ್ಯಾದ ಕಜಾನ್‌ನಲ್ಲಿ, ಹೊಸ ಬಗೆಯ ಜ್ಯಾಮಿತಿ ಕಟ್ಟಿದ ಗಣಿತಜ್ಞ ಲೊಬಚೆವ್‌ಸ್ಕಿಗೆ ಪಾಠ ಹೇಳಿದವರೂ ಇದೇ ಬಾರ್ಟೆಲ್ಸ್. ನೋಡಿ, ಇಷ್ಟೆಲ್ಲ ಇದ್ದೂ ಬ್ಯೂಟ್ನರ್ ಮೇಷ್ಟ್ರ ಪಾಲಿಗೆ ಉಳಿದದ್ದು ‘ಕಠೋರ’ ಅನ್ನುವ ಒಂದು ವಿಶೇಷಣ. ಪುಸ್ತಕ ತರಿಸಿದ್ದು ವಿವರ. ಅದನ್ನು ಕಳೆದುಕೊಂಡೆವು.

ಸರಿ, ಕೆಲಸಕ್ಕೆ ಬರೋಣ. ಮೊದಲು ಹೋಗಬೇಕಾದದ್ದು ಮನೆಗೆ. ಸಂಜೆ ಶಿಷ್ಯರಿಗೆ ಉಚಿತವಾಗಿ ಪಾಠ ಹೇಳಿದರು ಅಂತ ನಾವು ಬರೆಯುತ್ತೇವೆ. ಆ ಹೊತ್ತು ಯಾರ ಪಾಲಿನಿಂದ ಬಂತು ಅಂತ ಹೆಂಡತಿ, ಮಕ್ಕಳನ್ನು ಕೇಳಿದರೆ ಗೊತ್ತಾಗುತ್ತದೆ. ಮಕ್ಕಳ ಜ್ವರದ ರಾತ್ರಿ ಉತ್ತರಪತ್ರಿಕೆ ತಿದ್ದುತ್ತಾ ಎಚ್ಚರ ಇದ್ದವರೋ, ತಿದ್ದುವುದನ್ನು ಪಕ್ಕಕ್ಕಿಟ್ಟವರೋ? ಎರಡರಲ್ಲಿ ಯಾವುದಾದರೂ ಅದು ಆ ಮನುಷ್ಯನೇ. ದಂಪತಿಯಲ್ಲಿ ಉಳಿದವರನ್ನು ಒಬ್ಬರನ್ನೇ ಕೂರಿಸಿ ಮಾತಾಡಿಸಿ. ಮಕ್ಕಳು ಪಕ್ಕದಲ್ಲಿದ್ದರೆ ‘ಹಾಗಲ್ಲಮ್ಮ, ಅದು ಆಮೇಲೆ’ ಅಂತ ಇಸವಿ ತಿದ್ದುತ್ತಾ ಕೂರುತ್ತಾರೆ. ಇಸವಿ ಸರಿಹೋಗುತ್ತದೆ, ಮಾತು ನಿಂತುಹೋಗುತ್ತದೆ! ಎಲ್ಲರನ್ನೂ ಸೇರಿಸಿ ಕೂರುವುದು ಎರಡನೇ ಸುತ್ತಿಗೆ.

ಒಂದು ಸಲಕ್ಕೆ ಒಂದು ಗಂಟೆ, ಹೆಚ್ಚೆಂದರೆ ಒಂದೂವರೆ. ವಯಸ್ಸಾದವರು ದಣಿದರೆ ಚುಟುಕಾಗಿ ಮುಗಿಸಿಬಿಡುತ್ತಾರೆ. ‘ಅವರು ಹೇಗಿದ್ದರು’ ಅಂತ ಕೇಳಲೇಬೇಡಿ, ‘ತುಂಬ ಒಳ್ಳೆಯವರು’ ಅಂತ ಬರುತ್ತದೆ. ಬೆಳಗ್ಗೆ ಎದ್ದು ಮೊದಲು ಏನು ಮಾಡುತ್ತಿದ್ದರು, ತಪ್ಪು ಲೆಕ್ಕ ಕಂಡರೆ ಉತ್ತರಕ್ಕೆ ಗೆರೆ ಎಳೆಯುತ್ತಿದ್ದರೋ ತಪ್ಪಿದ ಹೆಜ್ಜೆಯ ಪಕ್ಕದಲ್ಲೋ, ದಡ್ಡ ಅನಿಸಿಕೊಂಡ ಹುಡುಗನನ್ನು ಯಾವ ಬೆಂಚಿನಲ್ಲಿ ಕೂರಿಸುತ್ತಿದ್ದರು, ಹೀಗೆ ಕೇಳಿ. ಕೈಗೆ ಒಂದು ಹಳೆಯ ಫೋಟೊ ಅಥವಾ ಅವರ ಕನ್ನಡಕ ಕೊಟ್ಟು ಶುರುಮಾಡಿದರೆ ಮಾತು ಸಲೀಸು. ಮೌನ ಬಂದರೆ ತುಂಬಲು ಹೋಗಬೇಡಿ. ಮನಸ್ಸಿನಲ್ಲೇ ಐದು, ಹತ್ತು ಎಣಿಸಿ.

ಧ್ವನಿಮುದ್ರಣಕ್ಕೆ ಫೋನ್ ಸಾಕು. ಏರ್‌ಪ್ಲೇನ್ ಮೋಡ್‌ಗೆ ಹಾಕಿ, ಫ್ಯಾನ್ ಆರಿಸಿ, ಬರೀ ಮೇಜಿನ ಮೇಲೆ ಇಡದೆ ಮಡಿಸಿದ ಬಟ್ಟೆಯ ಮೇಲೆ ಇಡಿ. ಇಲ್ಲವಾದರೆ ಲೋಟ ಇಟ್ಟ ಸದ್ದೂ ಗುಡುಗಿನಂತೆ ಕೇಳುತ್ತದೆ. ಮೊದಲಿಗೆ ತಾರೀಖು, ಮಾತಾಡುವವರ ಹೆಸರು ಹೇಳಿ. ಒಂದು ನಿಮಿಷ ಮುದ್ರಿಸಿ ಕೇಳಿನೋಡಿ, ಆಮೇಲೆ ಮುಂದುವರಿಸಿ. ಆಯ್ಕೆ ಇದ್ದರೆ ಧ್ವನಿಯನ್ನು ಕುಗ್ಗಿಸದೆ ಉಳಿಸುವ ವೇವ್ (WAV) ಫೈಲ್ ಇರಲಿ. ಒಂದು ಗಂಟೆಯ ಮಾತನ್ನು ಬರಹಕ್ಕಿಳಿಸಲು ನಾಲ್ಕರಿಂದ ಆರು ಗಂಟೆ ಹಿಡಿಯುತ್ತದೆ. ಇದನ್ನು ಲೆಕ್ಕ ಹಾಕದೆ ಹೊರಟವರ ಸಂಪುಟ ಅರ್ಧಕ್ಕೇ ನಿಲ್ಲುತ್ತದೆ.

ಇನ್ನು ಕಾಗದಪತ್ರ. ಟಿಪ್ಪಣಿ ಪುಸ್ತಕದ ಸ್ಟೇಪಲ್ ಪಿನ್ನುಗಳು ತುಕ್ಕು ಹಿಡಿದು ಹಾಳೆಯನ್ನು ತಿನ್ನುತ್ತಿರುತ್ತವೆ. ಎಳೆಯಬೇಡಿ, ಹಿಂಬದಿಯ ಕಾಲುಗಳನ್ನು ತೆಳು ಅಲಗಿನಿಂದ ಎತ್ತಿ ನೆಟ್ಟಗೆ ಮಾಡಿ ತೆಗೆಯಿರಿ. ಹಳದಿಯಾದ ಸೆಲೊಟೇಪನ್ನು ಕೀಳಲು ಹೋದರೆ ಅಕ್ಷರವೂ ಎದ್ದು ಬರುತ್ತದೆ, ಹಾಗೇ ಬಿಡಿ. ಲ್ಯಾಮಿನೇಷನ್ ಮಾತ್ರ ದಯವಿಟ್ಟು ಬೇಡ. ಬಿಸಿ ಮತ್ತು ಅಂಟು ಒಳಗಿಳಿದ ಕಾಗದವನ್ನು ಮತ್ತೆ ಬಿಡಿಸಲಾಗದು. ಫೋಟೊ ಹಿಂದೆ ಬಾಲ್‌ಪೆನ್ನಿನಲ್ಲಿ ಹೆಸರು ಬರೆದರೆ ಒತ್ತು ಮುಂದಕ್ಕೆ ಮೂಡುತ್ತದೆ. ಮೆತ್ತನೆಯ ಪೆನ್ಸಿಲ್‌ನಿಂದ ಅಂಚಿನಲ್ಲಿ ಬರೆಯಿರಿ, ಪೆನ್ಸಿಲ್ ಹತ್ತದಿದ್ದರೆ ಲಕೋಟೆಯ ಮೇಲೆ ಬರೆದು ಅದರೊಳಗಿಡಿ. ಸ್ಕ್ಯಾನ್ ಮಾಡುವಾಗ ಪತ್ರಗಳಿಗೆ 300 ಡಿಪಿಐ, ಅಂದರೆ ಇಂಚಿಗೆ 300 ಚುಕ್ಕೆ, ಸಣ್ಣ ಫೋಟೊಗಳಿಗೆ 600. ವಾಟ್ಸ್ಆ್ಯಪ್‌ನಲ್ಲಿ ಚಿತ್ರವಾಗಿ ಕಳಿಸಿದರೆ ಕುಗ್ಗಿಬಿಡುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ. ಈ ಫೈಲುಗಳಿಗೆ ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಮನೆಯಲ್ಲಿ. ಮೂಲ ಕಾಗದಗಳನ್ನು ಅಟ್ಟಕ್ಕೆ ಹಾಕಬೇಡಿ. ಅಲ್ಲಿ ಬಿಸಿ, ಧೂಳು, ಹುಳ. ಮನೆ ಮಧ್ಯದ ಬೀರುವೇ ಸರಿ.

ಪಾಠದ ಟಿಪ್ಪಣಿಗಳ ಬಗ್ಗೆ ಹೇಳಲು ಬಹಳ ಇತ್ತು. ಒಂದೇ ಪಾಠವನ್ನು ಹತ್ತು ವರ್ಷ ಹೇಳಿದವರ ಟಿಪ್ಪಣಿಯಲ್ಲಿ ಹೊಡೆದು ಹಾಕಿದ ಸಾಲು, ಅಂಚಿನ ಸೇರ್ಪಡೆ ಹುಡುಕಿ. ಮಕ್ಕಳಿಗೆ ಎಲ್ಲಿ ಅರ್ಥವಾಗಲಿಲ್ಲ, ಅದಕ್ಕೆ ಅವರು ಏನು ಮಾಡಿದರು ಅನ್ನುವುದು ಅಲ್ಲೇ ಸಿಗುತ್ತದೆ. ‘ಶ್ರೇಷ್ಠ ಬೋಧಕ’ ಅನ್ನುವ ವಿಶೇಷಣದ ಜಾಗಕ್ಕೆ ಅಂಥ ಒಂದು ಪುಟದ ಚಿತ್ರ ಹಾಕಿ. ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ, ಬೇಗ ಹೇಳುತ್ತೇನೆ.

ಹುಟ್ಟಿದ ದಿನ ಶಾಲೆಯ ದಾಖಲೆಯಲ್ಲಿ ಒಂದು, ಮನೆಯಲ್ಲಿ ಇನ್ನೊಂದು ಇರುವುದುಂಟು, ಎರಡನ್ನೂ ಕೊಡಿ. ಅವರಿಗೆ ಬಂದ ಪತ್ರದ ಹಾಳೆ ಮನೆಯವರದು, ಬರಹದ ಹಕ್ಕು ಬರೆದವರದು; ಕೇಳಿ ಅಚ್ಚು ಮಾಡಿ. ಶಿಷ್ಯರ ಅಂಕ, ಬಡತನದ ವಿಷಯ ಬಂದ ಕಡೆ ಹೆಸರು ತೆಗೆಯಿರಿ. ಕರಡು ಮನೆಯವರ ಕೈಯಲ್ಲಿ ಎರಡು ವಾರವಾದರೂ ಇರಲಿ. ಮನೆಯ ಒಳಗಿನ ಯಾವುದೋ ಒಂದು ಸಾಲು ಬೇಡ ಅಂದರೆ ತೆಗೆದುಬಿಡಿ, ಕಾರಣ ಕೇಳಬೇಡಿ.