ಇಲ್ಲದ ಒಂದು ದಿನ ಮತ್ತು ನಮ್ಮ ಫೈಲುಗಳು

ಎಲ್ಲರಿಗೂ ನಮಸ್ಕಾರ.

ಕಚೇರಿ ತಂತ್ರಾಂಶದಲ್ಲಿ ಮುಕ್ತ ಮಾನಕಗಳು, ಅಂದರೆ ಯಾರು ಬೇಕಾದರೂ ಓದಿ ಬಳಸಬಹುದಾದ ನಿಯಮಗಳು, ಅನ್ನುವ ವಿಷಯ ಕೊಟ್ಟು ನಲವತ್ತು ನಿಮಿಷ ಕೊಟ್ಟಿದ್ದಾರೆ. ಇಲ್ಲಿ ಕೂತಿರುವವರಲ್ಲಿ ಕೆಲವರು ದಿನವಿಡೀ ಫೈಲುಗಳ ಜೊತೆ ಬದುಕುವವರು, ಕೆಲವರು ಆ ಫೈಲುಗಳನ್ನು ತೆರೆಯುವ ತಂತ್ರಾಂಶ ಬರೆಯುವವರು. ಓಡಿಎಫ್ ಅಂದರೇನು, ಓಓಎಕ್ಸ್‌ಎಂಎಲ್ ಅಂದರೇನು ಅಂತ ನಿಮಗೆ ಅಕ್ಷರಾಭ್ಯಾಸ ಮಾಡಿಸಬೇಕಿಲ್ಲ. ಎರಡೂ ಫಾರ್ಮ್ಯಾಟುಗಳು, ಅಂದರೆ ಬರೆದದ್ದನ್ನು ಫೈಲಿನೊಳಗೆ ಜೋಡಿಸಿಡುವ ರೀತಿಗಳು; ಮೊದಲನೆಯದು ಲಿಬ್ರೆ ಆಫೀಸ್‌ನಂಥವು ಬಳಸುವುದು, ಎರಡನೆಯದು ಮೈಕ್ರೋಸಾಫ್ಟ್ ಆಫೀಸಿನದು. ನೇರವಾಗಿ ಪರದೆ ನೋಡೋಣ.

ಇದು ಎಕ್ಸೆಲ್. ಖಾಲಿ ಹಾಳೆ. ಮೊದಲ ಸೆಲ್‌ನಲ್ಲಿ 60 ಅಂತ ಬರೆಯುತ್ತೇನೆ. ಈಗ ಆ ಸೆಲ್ಲನ್ನು ದಿನಾಂಕವಾಗಿ ತೋರಿಸು ಅನ್ನುತ್ತೇನೆ. ಏನು ಬಂತು? 1900ರ ಫೆಬ್ರುವರಿ 29.

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು, ಅವರಿಗೆ ಗೊತ್ತಾಗಿದೆ. ಆ ದಿನ ಇರಲೇ ಇಲ್ಲ. ನೂರರಿಂದ ಭಾಗವಾಗಿ ನಾನೂರರಿಂದ ಭಾಗವಾಗದ ವರ್ಷ ಅಧಿಕ ವರ್ಷವಲ್ಲ. 2000 ಅಧಿಕ ವರ್ಷ, 1900 ಅಲ್ಲ. ಆ ವರ್ಷ ಫೆಬ್ರುವರಿ 28ರ ಮರುದಿನ ಮಾರ್ಚ್ 1. ಈಗ ಪಕ್ಕದಲ್ಲಿ ಲಿಬ್ರೆ ಆಫೀಸ್ ಎಂಬ ಮುಕ್ತ ತಂತ್ರಾಂಶ ತೆರೆದು ಅದೇ 60 ಬರೆಯುತ್ತೇನೆ. ಫೆಬ್ರುವರಿ 28. ಎರಡರಲ್ಲೂ 61 ಬರೆದರೆ ಎರಡೂ ಮಾರ್ಚ್ 1 ಅನ್ನುತ್ತವೆ. ಅಲ್ಲಿಂದಾಚೆಗೆ ಇಬ್ಬರಿಗೂ ಜಗಳವಿಲ್ಲ. ಜಗಳವಿರುವುದು ಆ ಮೊದಲ ಅರವತ್ತು ದಿನಗಳಲ್ಲಿ ಮಾತ್ರ. 1900ರ ಜನವರಿ 1 ಸೋಮವಾರ, ಎಕ್ಸೆಲ್ ಅದನ್ನು ಭಾನುವಾರ ಅನ್ನುತ್ತದೆ.

ಈ ತಪ್ಪು ಎಕ್ಸೆಲ್‌ನಲ್ಲಿ ಹುಟ್ಟಿದ್ದಲ್ಲ. 1983ರಲ್ಲಿ ಬಂದ ಲೋಟಸ್ 1-2-3 ಎಂಬ ಸ್ಪ್ರೆಡ್‌ಶೀಟ್ 1900ನ್ನು ಅಧಿಕ ವರ್ಷ ಅಂತ ಎಣಿಸುತ್ತಿತ್ತು. ಆ ಕಾಲಕ್ಕೆ ಲೆಕ್ಕದ ಕೆಲಸಕ್ಕೆ ಎಲ್ಲರೂ ಬಳಸುತ್ತಿದ್ದದ್ದು ಅದನ್ನೇ. ಅದರ ಗಿರಾಕಿಗಳನ್ನು ಸೆಳೆಯಬೇಕೆಂದರೆ ಅವರ ಹಳೆಯ ಹಾಳೆಗಳು ಒಂದು ದಿನವೂ ಆಚೀಚೆಯಾಗದೆ ತೆರೆದುಕೊಳ್ಳಬೇಕು. ಹಾಗಾಗಿ ಎಕ್ಸೆಲ್ ಆ ತಪ್ಪನ್ನು ತಿಳಿದೇ ಒಳಗೆ ತಂದುಕೊಂಡಿತು. ಮೈಕ್ರೋಸಾಫ್ಟ್ ಇದನ್ನು ಮುಚ್ಚಿಟ್ಟಿಲ್ಲ. ಈಗ ಸರಿಪಡಿಸಿದರೆ ಇರುವ ಹಾಳೆಗಳಲ್ಲಿನ ದಿನಾಂಕಗಳೆಲ್ಲ ಒಂದು ದಿನ ಸರಿದುಬಿಡುತ್ತವೆ ಅಂತ ತನ್ನದೇ ದಾಖಲೆಯಲ್ಲಿ ಬರೆದುಕೊಂಡಿದೆ. ವ್ಯಾಪಾರದ ದೃಷ್ಟಿಯಿಂದ ಅದು ಜಾಣತನವೇ. ನಾನು ಆ ಜಾಗದಲ್ಲಿದ್ದಿದ್ದರೂ ಹಾಗೇ ಮಾಡುತ್ತಿದ್ದೆನೇನೋ.

ಆದರೆ ಕಥೆ ಇಲ್ಲಿಗೆ ನಿಲ್ಲುವುದಿಲ್ಲ. 2006ರ ಡಿಸೆಂಬರಿನಲ್ಲಿ ಎಕ್ಸೆಲ್ ಬಳಸುವ ಓಓಎಕ್ಸ್‌ಎಂಎಲ್ ಫಾರ್ಮ್ಯಾಟ್, ಮಾನಕಗಳನ್ನು ಹೊರಡಿಸುವ ಎಕ್ಮಾ ಸಂಸ್ಥೆಯ ಮಾನಕವಾಗಿ ಹೊರಬಂತು. ಆರು ಸಾವಿರ ಪುಟ. ಆ ಆರು ಸಾವಿರ ಪುಟದೊಳಗೆ 1900 ಅಧಿಕ ವರ್ಷ ಅನ್ನುವುದು ನಿಯಮವಾಗಿ ಕೂತಿತ್ತು. ಒಂದು ಕಂಪನಿ ಇನ್ನೊಂದು ಕಂಪನಿಯ ಗಿರಾಕಿಗಳಿಗಾಗಿ ಇಟ್ಟುಕೊಂಡ ತಪ್ಪು ಇಪ್ಪತ್ತಮೂರು ವರ್ಷ ದಾಟಿ, ಇಡೀ ಪ್ರಪಂಚ ಪಾಲಿಸಬೇಕಾದ ವಿಧಿಯಾಗಿ ಬಾಗಿಲಿಗೆ ಬಂದು ನಿಂತಿತು. ನನ್ನನ್ನು ಈ ವಿಷಯಕ್ಕೆ ಎಳೆದು ತಂದದ್ದೇ ಆ ಸಾಲು. ಆ ಹೊತ್ತಿನವರೆಗೆ ಫಾರ್ಮ್ಯಾಟ್ ಜಗಳವೆಲ್ಲ ಎಂಜಿನಿಯರುಗಳ ಹಟ ಅಂತ ನಾನೂ ಅಂದುಕೊಂಡಿದ್ದೆ.

ಇನ್ನೊಂದನ್ನು ಹೇಳಲೇಬೇಕು. ಅದೇ ದಾಖಲೆಯಲ್ಲಿ ಅಕ್ಷರಗಳ ನಡುವಿನ ಜಾಗವನ್ನು ವರ್ಡ್ 95 ಬಿಡುತ್ತಿದ್ದ ಹಾಗೇ ಬಿಡು ಎಂಬ ಅರ್ಥದ ಒಂದು ಆಯ್ಕೆ ಇತ್ತು. ವರ್ಡ್ 95 ಹೇಗೆ ಬಿಡುತ್ತಿತ್ತು? ಅದನ್ನು ವಿವರಿಸಿರಲಿಲ್ಲ. ಆ ತಂತ್ರಾಂಶವನ್ನು ನೋಡಿ ಅನುಕರಿಸಿಕೊಳ್ಳಿ, ಮಾತಿನಲ್ಲಿ ಹೇಳಲಾಗದು ಅನ್ನುವ ಧಾಟಿ. ಮಾನಕ ಅಂದರೆ ಅದನ್ನು ಓದಿಯೇ ಕೆಲಸ ಮಾಡಲು ಬರಬೇಕು. ಇದನ್ನು ಬರೆದವರನ್ನು ಹುಡುಕಿ ಕೇಳಿ ಅನ್ನುವ ಮಾನಕ ಮಾನಕವೇ ಅಲ್ಲ.

ಆಗ ಎದುರಿಗೆ ಓಡಿಎಫ್ ಇತ್ತು. 2005ರ ಮೇ ತಿಂಗಳಲ್ಲಿ ಒಯಾಸಿಸ್ ಎಂಬ ಮಾನಕ ಸಂಸ್ಥೆ ಒಪ್ಪಿತ್ತು, 2006ರಲ್ಲಿ ಅಂತಾರಾಷ್ಟ್ರೀಯ ಮಾನಕ ಸಂಸ್ಥೆಯಾದ ಐಎಸ್‌ಒ ಮುದ್ರೆಯೂ ಬಿದ್ದಿತ್ತು, ಸಂಖ್ಯೆ 26300. ಹಾಗಿದ್ದ ಮೇಲೆ ಎರಡನೆಯದು ಯಾಕೆ ಅಂತ ಹಲವು ದೇಶಗಳು ಕೇಳಿದವು. 2007ರ ಸೆಪ್ಟೆಂಬರಿನ ಐಎಸ್‌ಒ ಮತದಾನದಲ್ಲಿ ಓಓಎಕ್ಸ್‌ಎಂಎಲ್ ಬಿದ್ದುಹೋಯಿತು. ಬಂದ ಆಕ್ಷೇಪಗಳನ್ನು ಬಗೆಹರಿಸಲು 2008ರಲ್ಲಿ ಜಿನೀವಾದಲ್ಲಿ ಸಭೆ ಸೇರಿತು. ಸಾವಿರಕ್ಕೂ ಹೆಚ್ಚು ಅಂಶ, ಐದು ದಿನ. ಬಹುಪಾಲು ಅಂಶಗಳು ಚರ್ಚೆಯೇ ಆಗದೆ ಒಟ್ಟಿಗೆ ಮತಕ್ಕೆ ಹೋದವು. ಆ ಸಭೆ ಮುಗಿದದ್ದು ಯಾವತ್ತು ಗೊತ್ತೇ? ಫೆಬ್ರುವರಿ 29. ಅದು ಮಾತ್ರ ನಿಜವಾಗಿ ಇದ್ದ ಫೆಬ್ರುವರಿ 29.

ಮಾರ್ಚ್ ಕೊನೆಗೆ ಮತ ಪಾಸಾಯಿತು. ಭಾರತ, ಬ್ರೆಜಿಲ್, ದಕ್ಷಿಣ ಆಫ್ರಿಕಾ, ವೆನೆಜುವೆಲಾ ನಾಲ್ಕೂ ಮೇಲ್ಮನವಿ ಸಲ್ಲಿಸಿದವು, ಅವು ತಿರಸ್ಕೃತವಾದವು. ಅದೇ ವರ್ಷ ನವೆಂಬರಿನಲ್ಲಿ 29500 ಎಂಬ ಸಂಖ್ಯೆಯೊಂದಿಗೆ ಪ್ರಕಟವಾಯಿತು. ತಿದ್ದುಪಡಿಯ ಹೊತ್ತಿಗೆ ಅದನ್ನು ಎರಡಾಗಿ ಸೀಳಿದ್ದರು. ಒಂದು ಸ್ಟ್ರಿಕ್ಟ್, ಅಂದರೆ ಶುದ್ಧ ರೂಪ. ಇನ್ನೊಂದು ಟ್ರಾನ್ಸಿಷನಲ್, ಅಂದರೆ ಹಳೆಯ ಫೈಲುಗಳ ರೂಢಿಗಳನ್ನೆಲ್ಲ ಹೊತ್ತು ತರಲು ತಾತ್ಕಾಲಿಕವಾಗಿ ಇಟ್ಟ ರೂಪ.

ಇವತ್ತು ನಾನು ಹೇಳಬೇಕೆಂದು ಬಂದ ಮಾತು ಇಲ್ಲಿದೆ, ದಯವಿಟ್ಟು ಗಮನಿಸಿ. ಆಫೀಸ್ 2013ರಿಂದ ಸ್ಟ್ರಿಕ್ಟ್ ರೂಪದಲ್ಲಿ ಉಳಿಸಲು ಬರುತ್ತದೆ. ಪಟ್ಟಿ ಇಳಿಸಿ ಹುಡುಕಿದರೆ ಸಿಗುತ್ತದೆ. ಆದರೆ ಹೊಸದೊಂದು ಪತ್ರ ಬರೆದು ಸುಮ್ಮನೆ ಸೇವ್ ಗುಂಡಿ ಒತ್ತಿ ನೋಡಿ, ಬರುವುದು ಟ್ರಾನ್ಸಿಷನಲ್. ತಾತ್ಕಾಲಿಕ ಅಂತ ಇಟ್ಟದ್ದು ಕಾಯಂ ಆಯಿತು. ಜಿನೀವಾದಲ್ಲಿ ಐದು ದಿನ ನಡೆದ ವಾದವನ್ನೆಲ್ಲ ಆ ಒಂದು ಗುಂಡಿ ತೀರ್ಮಾನ ಮಾಡಿತು. ಒಂದು ಕಚೇರಿ ಮುಕ್ತ ಮಾನಕ ಒಪ್ಪಿದೆಯೋ ಇಲ್ಲವೋ ಅಂತ ತಿಳಿಯಲು ಅದರ ನೀತಿ ಪತ್ರ ಓದಬೇಡಿ. ಅಲ್ಲಿಯ ಸೇವ್ ಗುಂಡಿ ಒತ್ತಿ ಏನು ಬರುತ್ತದೆ ನೋಡಿ.

ಪಕ್ಷಪಾತ ಮಾಡಿದೆ ಅನ್ನಬೇಡಿ, ಓಡಿಎಫ್ ಕಡೆಯ ಹುಳುಕನ್ನೂ ಹೇಳುತ್ತೇನೆ. ಅದರ ಮೊದಲ ಆವೃತ್ತಿಗಳಲ್ಲಿ ಸ್ಪ್ರೆಡ್‌ಶೀಟ್ ಸೂತ್ರಗಳನ್ನು ಹೇಗೆ ಬರೆಯಬೇಕು ಅಂತ ನಿಗದಿಯೇ ಮಾಡಿರಲಿಲ್ಲ. ಲೆಕ್ಕದ ಹಾಳೆಗೆ ಮಾನಕ ಬರೆದು ಲೆಕ್ಕವನ್ನೇ ಬಿಟ್ಟುಬಿಟ್ಟಿದ್ದರು! ಅದರ ಫಲ 2009ರಲ್ಲಿ ಕಾಣಿಸಿತು. ಆಫೀಸ್ 2007ರ ಎರಡನೇ ಸರ್ವಿಸ್ ಪ್ಯಾಕ್, ಅಂದರೆ ಎರಡನೇ ದೊಡ್ಡ ಪರಿಷ್ಕರಣೆ, ಓಡಿಎಫ್ ಓದಲು ಕಲಿತಾಗ, ಬೇರೆ ತಂತ್ರಾಂಶದಲ್ಲಿ ಮಾಡಿದ ಹಾಳೆಯ ಸೂತ್ರಗಳನ್ನು ಬಿಟ್ಟು ಕೊನೆಯ ಉತ್ತರಗಳನ್ನಷ್ಟೇ ಉಳಿಸಿಕೊಂಡಿತು. ಮೊತ್ತದ ಸಾಲಿನಲ್ಲಿ ಅಂಕಿ ಇದೆ, ಆದರೆ ಮೇಲಿನ ಅಂಕಿ ಬದಲಿಸಿದರೆ ಮೊತ್ತ ಅಲ್ಲಾಡುವುದಿಲ್ಲ. ಸೂತ್ರಗಳು ಸರಿಯಾಗಿ ಸೇರಿದ್ದು 2011ರ 1.2 ಆವೃತ್ತಿಯಲ್ಲಿ. ಮಾನಕ ಬರೆಯುವವರು ಬಿಟ್ಟ ಜಾಗದಲ್ಲಿ ಎರಡು ತಂತ್ರಾಂಶಗಳ ಹಾದಿ ಕವಲೊಡೆಯುತ್ತದೆ, ನಡುವೆ ಸಿಕ್ಕಿಬೀಳುವುದು ಬಳಸುವವರ ಫೈಲು.

ಆದರೂ ನಾನು ಓಡಿಎಫ್ ಪರ ನಿಂತಿದ್ದೇನೆ. ಯಾಕೆ ಅಂತ ತೋರಿಸುತ್ತೇನೆ. ಓಡಿಎಫ್‌ನಲ್ಲಿ ಉಳಿಸಿದ ಈ ಪತ್ರದ ಹೆಸರಿನ ಕೊನೆಗಿರುವ ಓಡಿಟಿಯನ್ನು ಅಳಿಸಿ ಜಿಪ್ ಅಂತ ಬರೆಯುತ್ತೇನೆ. ಬಿಚ್ಚುತ್ತೇನೆ. ಒಳಗೆ ನಾಲ್ಕಾರು ಫೈಲು. ಮಾತು ಕಂಟೆಂಟ್ ಎಂಬ ಎಕ್ಸ್‌ಎಂಎಲ್ ಫೈಲಿನಲ್ಲಿದೆ, ಅಲಂಕಾರ ಸ್ಟೈಲ್ಸ್‌ನಲ್ಲಿದೆ, ಯಾರು ಯಾವಾಗ ಬರೆದರು ಅನ್ನುವುದು ಮೆಟಾದಲ್ಲಿದೆ. ಕಂಟೆಂಟ್ ಫೈಲನ್ನು ಸಾದಾ ನೋಟ್‌ಪ್ಯಾಡಿನಲ್ಲಿ ತೆರೆದರೆ ನನ್ನ ವಾಕ್ಯ ಇದ್ದ ಹಾಗೇ ಇದೆ, ಎರಡು ಕಡೆ ಗುರುತು ಹಾಕಿದ್ದಾರೆ ಅಷ್ಟೆ. ಇದನ್ನು ಬರೆದ ತಂತ್ರಾಂಶ ನಾಳೆ ಭೂಮಿಯ ಮೇಲಿಂದ ಮರೆಯಾದರೂ ಒಬ್ಬ ವಿದ್ಯಾರ್ಥಿ ಕೂತು ಇದನ್ನು ಓದಬಲ್ಲ. ನ್ಯಾಯವಾಗಿ ಹೇಳಬೇಕೆಂದರೆ ವರ್ಡ್‌ನ ಡಾಕ್ಸ್ ಫೈಲನ್ನೂ ಹೀಗೇ ಬಿಚ್ಚಬಹುದು, ಅದೂ ಜಿಪ್ ಪೊಟ್ಟಣವೇ. ಆ ಮಟ್ಟಿಗೆ, ಬಿಚ್ಚಿದರೂ ಮನುಷ್ಯರಿಗೆ ಓದಲಾಗದ ಹಳೆಯ ಬೈನರಿ ಫೈಲುಗಳಿಗಿಂತ ಅದು ದೊಡ್ಡ ಹೆಜ್ಜೆ. ಈ ಜಗಳ ನಡೆಯದೇ ಇದ್ದಿದ್ದರೆ ಅದಾದರೂ ಆಗುತ್ತಿತ್ತೇ ಅನ್ನುವುದು ನನ್ನ ಪ್ರಶ್ನೆ.

ಹಳೆಯ ಬೈನರಿ ಅಂದೆ. ನನ್ನ ಹತ್ತಿರ ಒಂದು ವರದಿ ಇದೆ, ಚಿಕ್ಕ ವಯಸ್ಸಿನಲ್ಲಿ ತಿಂಗಳುಗಟ್ಟಲೆ ಕೂತು ಬರೆದದ್ದು. ಅದನ್ನು ಬರೆದ ತಂತ್ರಾಂಶ ಈಗ ನನ್ನ ಯಾವ ಯಂತ್ರದಲ್ಲೂ ಓಡುವುದಿಲ್ಲ. ಫೈಲಿನ ಒಂದು ಬೈಟೂ ಕೆಟ್ಟಿಲ್ಲ, ಪ್ರತಿಸಲ ಡಿಸ್ಕು ಬದಲಿಸಿದಾಗಲೂ ಜೋಪಾನವಾಗಿ ನಕಲು ಮಾಡಿಕೊಂಡಿದ್ದೇನೆ. ತೆರೆದರೆ ನಾಲ್ಕು ಅಕ್ಷರ, ಎಂಟು ಚೌಕ, ಮತ್ತೆ ಎರಡು ಅಕ್ಷರ. ಕೋಷ್ಟಕಗಳು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತವೆ ಅಂತ ಬರೆದ ನನಗೇ ತಿಳಿಯುವುದಿಲ್ಲ. ಅದರ ಮುದ್ರಿತ ಪ್ರತಿಯ ಅಂಚು ಹಳದಿಯಾಗಿದೆ, ಆದರೆ ಪೂರ್ತಿ ಓದಬಹುದು. ಮಾತು ನನ್ನದು, ಕೀಲಿ ಇನ್ನೊಬ್ಬರದಾಗಿತ್ತು. ಒಬ್ಬ ಮನುಷ್ಯನ ವರದಿ ಹೋದರೆ ಹೋಯಿತು. ಜಮೀನಿನ ದಾಖಲೆ, ಜನನ ದಾಖಲೆ, ತೀರ್ಪು, ಇವು ಹಾಗೆ ಹೋಗಬಾರದು.

ಸೇವ್ ಗುಂಡಿಗೆ ವಾಪಸ್ ಬರುತ್ತೇನೆ, ಕ್ಷಮಿಸಿ, ನಾನು ಸುತ್ತಿ ಬಳಸಿ ಅಲ್ಲಿಗೇ ಬರುತ್ತೇನೆ. 2020ರ ಶರತ್ಕಾಲದಲ್ಲಿ ಇಂಗ್ಲೆಂಡಿನಲ್ಲಿ ಕೋವಿಡ್ ಪಾಸಿಟಿವ್ ಬಂದ 15,841 ಪ್ರಕರಣಗಳು ದಿನದ ಲೆಕ್ಕದಿಂದ ಬಿಟ್ಟುಹೋದವು. ಪ್ರಯೋಗಾಲಯಗಳು ಕಳಿಸಿದ ಪಟ್ಟಿಯನ್ನು ಸಾರ್ವಜನಿಕ ಆರೋಗ್ಯ ಸಂಸ್ಥೆ ಎಕ್ಸೆಲ್‌ನ ಹಳೆಯ ಎಕ್ಸ್‌ಎಲ್‌ಎಸ್ ಫಾರ್ಮ್ಯಾಟಿಗೆ ತುಂಬಿಕೊಳ್ಳುತ್ತಿತ್ತು. ಆ ಫಾರ್ಮ್ಯಾಟಿನಲ್ಲಿ 65,536 ಸಾಲಿಗಿಂತ ಹೆಚ್ಚು ಹಿಡಿಯುವುದಿಲ್ಲ. ಹೆಚ್ಚಾದದ್ದು ಒಳಗೆ ಬರಲೇ ಇಲ್ಲ. ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಕೆಲಸ ಅಷ್ಟು ದಿನ ತಡವಾಯಿತು. ಹೊಸ ಫಾರ್ಮ್ಯಾಟಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಸಾಲು ಹಿಡಿಯುತ್ತವೆ, ಅದು ಬಂದು ಆಗಲೇ ಹದಿಮೂರು ವರ್ಷವಾಗಿತ್ತು. ಅಷ್ಟು ಪ್ರಾಣಗಳ ಲೆಕ್ಕ ಎಲ್ಲೋ ಆಳದಲ್ಲಿ ಉಳಿದುಕೊಂಡಿದ್ದ ಒಂದು ಹಳೆಯ ಆಯ್ಕೆಯ ಮೇಲೆ ನಿಂತಿತ್ತು. ಫಾರ್ಮ್ಯಾಟ್ ಯಾವುದಾದರೇನು ಅನ್ನುವವರಿಗೆ ನಾನು ಕೊಡುವ ಉತ್ತರ ಈ ಘಟನೆ.

ಪಿಡಿಎಫ್ ಇದೆಯಲ್ಲ, ಸಾಲದೇ ಅಂತ ಪ್ರತಿ ಸಭೆಯಲ್ಲೂ ಕೇಳುತ್ತಾರೆ. ಓದುವುದಕ್ಕೆ ಸಾಕು. 2008ರಲ್ಲಿ ಅದೂ ಐಎಸ್‌ಒ ಮಾನಕವಾಯಿತು, ದೀರ್ಘಕಾಲ ಇಡುವುದಕ್ಕೆಂದೇ ಪಿಡಿಎಫ್-ಎ ಅನ್ನುವುದು 2005ರಲ್ಲೇ ಬಂದಿದೆ. ಆದರೆ ಪಿಡಿಎಫ್ ಅಚ್ಚಾದ ಹಾಳೆಯ ಹಾಗೆ. ಬಜೆಟ್ಟಿನ ಕೋಷ್ಟಕವನ್ನು ಪಿಡಿಎಫ್‌ನಲ್ಲಿ ಕೊಟ್ಟರೆ ನೋಡಬಹುದು, ಕೂಡಿ ಕಳೆಯಬೇಕಾದರೆ ಮತ್ತೆ ಕೈಯಿಂದ ತುಂಬಬೇಕು. ಬ್ರಿಟನ್ ಸರಕಾರ 2014ರ ಜುಲೈನಲ್ಲಿ ಈ ಗೆರೆಯನ್ನು ಚೆನ್ನಾಗಿ ಎಳೆಯಿತು. ಬರೀ ನೋಡುವ ದಾಖಲೆಗೆ ವೆಬ್ ಪುಟಗಳ ಎಚ್‌ಟಿಎಂಎಲ್ ಅಥವಾ ಪಿಡಿಎಫ್, ಸೇರಿ ತಿದ್ದುವ ದಾಖಲೆಗೆ ಓಡಿಎಫ್. ಎರಡೇ ವಾಕ್ಯದ ನೀತಿ, ಯಾರಿಗೂ ಗೊಂದಲವಿಲ್ಲ.

ಎರಡು ನಿಮಿಷ ಅಂತ ಚೀಟಿ ಬಂದಿದೆ. ಇನ್ನು ನಾಲ್ಕು ಅಂಶ ಬರೆದುಕೊಂಡು ಬಂದಿದ್ದೆ, ಓಡಿಸಿಕೊಂಡು ಹೇಳುತ್ತೇನೆ.

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ 2005ರಲ್ಲಿ ತಿದ್ದುವ ಕಚೇರಿ ದಾಖಲೆಗಳಿಗೆ ಓಡಿಎಫ್ ಅಂದಿತು, 2007ರಲ್ಲಿ ಓಓಎಕ್ಸ್‌ಎಂಎಲ್ ಅನ್ನೂ ಸೇರಿಸಿಕೊಂಡಿತು. ಎರಡೂ ಸರಿ ಅಂದ ಕ್ಷಣ ಸೇವ್ ಗುಂಡಿ ಗೆಲ್ಲುತ್ತದೆ. ಜರ್ಮನಿಯ ಮ್ಯೂನಿಕ್ ನಗರ ಮೈಕ್ರೋಸಾಫ್ಟ್ ಬಿಟ್ಟು ಲಿನಕ್ಸ್ ಎಂಬ ಮುಕ್ತ ತಂತ್ರಾಂಶಕ್ಕೆ ಹೋಗಿ 2017ರಲ್ಲಿ ವಾಪಸ್ ಹೊರಟಿತು. ಅದನ್ನು ಮುಕ್ತ ತಂತ್ರಾಂಶದ ಸೋಲು ಅನ್ನುತ್ತಾರೆ. ಒಂದೇ ನಗರ ಬದಲಾಗಿ ಅದಕ್ಕೆ ಪತ್ರ ಬರೆಯುವವರೆಲ್ಲ ಹಳೆಯ ಫಾರ್ಮ್ಯಾಟಿನಲ್ಲೇ ಉಳಿದರೆ ಪ್ರತಿ ಲಗತ್ತೂ ಒಂದು ಜಗಳವಾಗುತ್ತದೆ ಅನ್ನುವುದು ನನ್ನ ಓದು. 2024ರ ಏಪ್ರಿಲ್‌ನಲ್ಲಿ ಅದೇ ಜರ್ಮನಿಯ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯ ಸುಮಾರು 30,000 ಕಂಪ್ಯೂಟರುಗಳನ್ನು ಲಿಬ್ರೆ ಆಫೀಸಿಗೆ ತರಲು ತೀರ್ಮಾನಿಸಿತು. ಈ ಸಲ ಇಡೀ ರಾಜ್ಯದ ಆಡಳಿತ, ಅದಕ್ಕೇ ನನಗೆ ಕುತೂಹಲ.

ಪೇಟೆಂಟಿನ ಮಾತು ಬಿಡುತ್ತೇನೆ.

ಕೊನೆಯದು ಕ್ಲೌಡ್. ಅಲ್ಲಿ ಫೈಲೇ ಕಾಣುವುದಿಲ್ಲ, ಬರೆದದ್ದು ಯಾವ ರೂಪದಲ್ಲಿ ಉಳಿದಿದೆ ಅಂತ ನಮಗೆ ತೋರಿಸುವುದೂ ಇಲ್ಲ. ಸೇವ್ ಗುಂಡಿಯೂ ಇಲ್ಲ! ಹಾಗಾಗಿ ಟೆಂಡರ್ ಬರೆಯುವವರು ಇಲ್ಲಿದ್ದರೆ ಒಂದು ಸಾಲು ಸೇರಿಸಿಕೊಳ್ಳಿ: ಒಪ್ಪಂದ ಮುಗಿದ ದಿನ ಎಲ್ಲ ದಾಖಲೆಗಳೂ, ಸೂತ್ರಗಳೂ ಟಿಪ್ಪಣಿಗಳೂ ಸೇರಿ, ಮುಕ್ತ ಮಾನಕದಲ್ಲಿ ಕೈಗೆ ಸಿಗಬೇಕು. ಆ ಸಾಲನ್ನು ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಒಮ್ಮೆ ಮಾಡಿಸಿ ನೋಡಿ. ನೂರು ಫೈಲು ಹೊರತೆಗೆದು ಬೇರೆ ತಂತ್ರಾಂಶದಲ್ಲಿ ತೆರೆಯಿರಿ, ಮೊತ್ತದ ಸಾಲಿನ ಮೇಲಿನ ಒಂದು ಅಂಕಿ ಬದಲಿಸಿ, ಮೊತ್ತ ಅಲ್ಲಾಡುತ್ತದೆಯೇ ನೋಡಿ.

ಇನ್ನೊಂದು ಚೀಟಿ ಬಂತು, ಮುಗಿಸಿದೆ. ಲ್ಯಾಪ್‌ಟಾಪ್ ಇಲ್ಲೇ ಮೇಜಿನ ಮೇಲೆ ತೆರೆದಿರುತ್ತದೆ. ನಿಮ್ಮ ಕಚೇರಿಯ ಒಂದು ಫೈಲನ್ನು ಪೆನ್‌ಡ್ರೈವಿನಲ್ಲಿ ತಂದಿದ್ದರೆ ಬನ್ನಿ, ಹೆಸರು ಬದಲಿಸಿ ಬಿಚ್ಚಿ ನೋಡೋಣ.